ಹಾವು ಇಲ್ಲಿಯದು, ಪುಟ ಅಲ್ಲಿಯದು

ವೈದ್ಯರು ಚಿಕಿತ್ಸೆ ಹುಡುಕುವ ಜಾಲತಾಣ ಅಪ್‌ಟುಡೇಟ್ ತೆರೆದು ಕಾಯಿಲೆಯ ಹೆಸರು ಟೈಪ್ ಮಾಡಿದರೆ ಉತ್ತರ ಬರುತ್ತದೆ. ಶುಗರ್, ಬಿಪಿಗೆ ಅಷ್ಟು ಸಾಕು. ಶಿರಸಿ, ಸಿದ್ದಾಪುರದ ಕಡೆಯ ರೋಗಿಗಳನ್ನು ನೋಡುವವರಿಗೆ ಸಾಲದು.

ಹಾವು ಕಡಿತವನ್ನೇ ತಗೊಳ್ಳಿ. ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವಾಗ ಬೆರಳಿಗೆ ಕಚ್ಚಿಸಿಕೊಂಡು ಬರುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. ಹಾಗೆ ಬಂದ ಒಬ್ಬ ಹೆಂಗಸಿನ ಮಗ ಮೊಬೈಲಿನಲ್ಲಿ ಹಾವಿನ ಫೋಟೊ ತಂದಿದ್ದ. ಗಿಡ್ಡ ಹಾವು, ಒಣಗಿದ ಎಲೆಯದೇ ಬಣ್ಣ, ತ್ರಿಕೋನ ತಲೆ, ಮೂತಿಯ ತುದಿ ಮೇಲಕ್ಕೆ ಎದ್ದಿದೆ. ಹಂಪ್-ನೋಸ್ಡ್ ಪಿಟ್ ವೈಪರ್ ಇರಬೇಕು. ಬರೀ ‘ಪಿಟ್ ವೈಪರ್ ಬೈಟ್’ ಎಂದು ಹುಡುಕಿದರೆ ಸಿಗುವುದು ಅಮೆರಿಕದ ರ್‍ಯಾಟಲ್ ಸ್ನೇಕಿನ ಪುಟ. ಚೊಕ್ಕ ಬರವಣಿಗೆ, ಸಾಲು ಸಾಲಿಗೂ ಆಧಾರ. ಆದರೆ ಅದು ಹೇಳುವ ಆಂಟಿವೆನಮ್ (ವಿಷಕ್ಕೆ ಪ್ರತಿಮದ್ದು) ನಮ್ಮ ಫ್ರಿಜ್ಜಿನಲ್ಲಿರುವುದಲ್ಲ. ನಮ್ಮಲ್ಲಿನ ಆಂಟಿವೆನಮ್ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು.

ಹಾಗಾಗಿ ಟೈಪ್ ಮಾಡುವ ಮೊದಲು ಚೀಟಿಯ ಮೇಲೆ ಪ್ರಶ್ನೆ ಬರೆದುಕೊಳ್ಳುತ್ತೇನೆ: ಯಾರಿಗೆ, ಏನು ಕೊಟ್ಟರೆ, ಯಾವುದಕ್ಕೆ ಹೋಲಿಸಿ, ಏನಾಗಬೇಕು. ‘ಪೀಕೊ’ ಅನ್ನುವುದು ಇದನ್ನೇ. ಆಮೇಲೆ ವೈದ್ಯಕೀಯ ಸಂಶೋಧನಾ ಲೇಖನಗಳ ಹುಡುಕುತಾಣ ಪಬ್‌ಮೆಡ್‌ನಲ್ಲಿ ಹಾವಿನ ವೈಜ್ಞಾನಿಕ ಹೆಸರು ‘ಹಿಪ್ನೇಲ್’, ನಡುವೆ ‘ಆ್ಯಂಡ್’, ಮುಂದೆ ‘ಆಂಟಿವೆನಮ್’. ರ್‍ಯಾಟಲ್ ಸ್ನೇಕ್ ಮಾಯ; ಶ್ರೀಲಂಕಾ, ಕೇರಳದ ವರದಿಗಳು ಎದುರಿಗೆ. ಇದರ ಕಡಿತ ಜೀವಕ್ಕೂ ಅಪಾಯ, ಇದನ್ನು ಗರಗಸ ಮಂಡಲ ಎಂದು ತಪ್ಪಾಗಿ ಗುರುತಿಸುತ್ತಾರೆ, ನಮ್ಮ ಎಎಸ್‌ವಿ ಇದಕ್ಕೆ ನಾಟುವುದಿಲ್ಲ ಎಂದು ಕೇರಳದ ವೈದ್ಯರು 2007ರಲ್ಲೇ ಬರೆದಿದ್ದಾರೆ. ಸಿಗುವುದು ಬಹುತೇಕ ಒಬ್ಬಿಬ್ಬರು ರೋಗಿಗಳ ಕಥೆ ಹೇಳುವ ಕೇಸ್ ರಿಪೋರ್ಟ್‌ಗಳು. ದುರ್ಬಲ ಆಧಾರವೇ ಸರಿ, ಆದರೆ ನಮ್ಮ ಹಾವಿನದು.

“ಡಾಕ್ಟ್ರೇ, ಇಂಜೆಕ್ಷನ್ ಹಾಕೂದಿಲ್ವಾ?” ಮಗ ಬಾಗಿಲಲ್ಲೇ ನಿಂತಿದ್ದ.

“ಅಮ್ಮನ ರಕ್ತ ಹೆಪ್ಪುಗಟ್ತದಾ ನೋಡ್ತಾ ಇದ್ದೇನೆ, ತಡಿ. ಆ ಇಂಜೆಕ್ಷನ್ನೇ ಕೆಲವರಿಗೆ ಅಲರ್ಜಿ ಮಾಡ್ತದೆ.”

ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಓರೆ ಮಾಡಿ ನೋಡುವ ಪರೀಕ್ಷೆ. ಟ್ಯೂಬು ಗಾಜಿನದೇ ಆಗಬೇಕು, ಸ್ವಚ್ಛವಾಗಿ ಒಣಗಿರಬೇಕು. ಪ್ಲಾಸ್ಟಿಕ್ಕಿನದಾದರೆ ಫಲಿತಾಂಶ ನಂಬುವಂತಿಲ್ಲ. ಅವರ ರಕ್ತ ಹೆಪ್ಪುಗಟ್ಟಿತ್ತು. ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿದೆ, ಮೂತ್ರ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿಕೊಂಡೆ. ಈ ಹಾವು ಕಿಡ್ನಿಗೂ ಕೈ ಹಾಕುತ್ತದೆ. ಹಾವು ಯಾವುದೆಂದು ಅನುಮಾನವಿದ್ದು ರಕ್ತ ಹೆಪ್ಪುಗಟ್ಟದೇ ಹೋಗಿದ್ದರೆ ಎಎಸ್‌ವಿ ಕೊಡುತ್ತಿದ್ದೆ. ಫೋಟೊ ನೋಡಿ ಪ್ರಾಣದ ಮೇಲೆ ಪಣ ಕಟ್ಟಲಾಗದು.

ಅಪ್‌ಟುಡೇಟ್ ಪುಟದಲ್ಲಿ ನಾನು ಮೊದಲು ನೋಡುವುದು ಶಿಫಾರಸಿನ ಪಕ್ಕದ ಗ್ರೇಡ್. 1ಎ ಅಂದರೆ ಗಟ್ಟಿ ಶಿಫಾರಸು, ಗಟ್ಟಿ ಆಧಾರ. 2ಸಿ ಅಂದರೆ ಬರೆದವರಿಗೂ ಪೂರ್ತಿ ಧೈರ್ಯವಿಲ್ಲ; ಅಲ್ಲಿ ರೋಗಿಯ ಕಿಸೆ, ಮನೆಯ ದೂರ ಎಲ್ಲ ಲೆಕ್ಕಕ್ಕೆ ಬರುತ್ತವೆ. ಆಮೇಲೆ ತಾರೀಕು. ನುಸಿಯಂಥ ಸಣ್ಣ ಹುಳ ಕಚ್ಚಿ ಬರುವ ಜ್ವರ ಸ್ಕ್ರಬ್ ಟೈಫಸ್ ತೀವ್ರವಾದಾಗ ಡಾಕ್ಸಿಸೈಕ್ಲಿನ್, ಅಜಿಥ್ರೋಮೈಸಿನ್ ಎರಡನ್ನೂ ನರಕ್ಕೆ ಕೊಡುವುದು ಒಂದನ್ನೇ ಕೊಡುವುದಕ್ಕಿಂತ ಮೇಲು ಎಂದು ಭಾರತದ ಆಸ್ಪತ್ರೆಗಳಲ್ಲೇ ನಡೆದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಗೋಡೆಗೆ ಅಂಟಿಸಿದ ಹಳೇ ಪ್ರೋಟೋಕಾಲಿನಲ್ಲಿ ಅದು ಎಲ್ಲಿಂದ ಬರಬೇಕು? ಹಾಗಂತ ಜ್ವರ, ಕಪ್ಪು ಹಕ್ಕಳೆ ಇಟ್ಟುಕೊಂಡು ಒಪಿಡಿಗೆ ನಡೆದು ಬಂದವರಿಗೂ ಎರಡೆರಡು ಔಷಧಿ ಏರಿಸಬೇಕಿಲ್ಲ. ಪ್ರಯೋಗ ನಡೆದದ್ದು ತೀವ್ರ ಸ್ಥಿತಿಯವರ ಮೇಲೆ. ಚೀಟಿಯ ‘ಯಾರಿಗೆ’ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅಪ್‌ಟುಡೇಟ್ ಚಂದಾ ದುಬಾರಿ ಅನ್ನುವವರಿಗೆ ಪಬ್‌ಮೆಡ್ ಉಚಿತ; ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಗಳ ಸಾರಾಂಶವೂ ಉಚಿತ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಒಟ್ಟಿಗೇ ಕೈಕೊಡುವುದರಿಂದ ಹಾವು ಕಡಿತದ ಮಾರ್ಗಸೂಚಿಯನ್ನು ಫೋನಿನಲ್ಲಿ ಇಳಿಸಿಟ್ಟುಕೊಂಡಿದ್ದೇನೆ.

ಮಂಗನ ಕಾಯಿಲೆಗೆ ಹುಡುಕಾಟ ಬೇಗ ಮುಗಿಯುತ್ತದೆ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ವೈರಸ್ಸಿಗೆ ಇಂದಿಗೂ ನಿರ್ದಿಷ್ಟ ಔಷಧಿ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಉಣ್ಣಿ ಕಚ್ಚಿತ್ತಾ, ಕಾಡಿಗೆ ಹೋಗಿದ್ದರಾ ಕೇಳಿಕೊಂಡು, ಪ್ಲೇಟ್‌ಲೆಟ್ಟಿಗೆ ಬರೆದು, ಸ್ಯಾಂಪಲ್ ಫಾರಂ ತುಂಬಲು ಕೂರುತ್ತೇನೆ.