ನಿಮ್ಮ ಕಾನೂನು ಲೇಖನ ಜರ್ನಲ್‌ಗೆ ಆಯ್ಕೆಯಾಗಬೇಕೇ?

ಗೋವಾದ ವಾಸ್ಕೊದಲ್ಲಿ ಮೂವತ್ತು ವರ್ಷದಿಂದ ನೆಲೆಸಿದ ಒಂದು ಕನ್ನಡ ಕುಟುಂಬ ಇದೆ ಎಂದುಕೊಳ್ಳಿ. ಧಾರವಾಡದ ಹತ್ತಿರ ನಾಲ್ಕು ಎಕರೆ ಹೊಲ. ಮನೆಯ ಹಿರಿಯರು ತೀರಿಕೊಂಡರೆ ಆ ಹೊಲಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆಯೋ, ಗೋವಾದ ಕಾನೂನೋ?

ಗೋವಾದಲ್ಲಿ ಕಾನೂನು ಓದುವ ನಮ್ಮ ಹುಡುಗ ಹುಡುಗಿಯರು 'ಬರೆಯೋಕೆ ವಿಷಯವೇ ಇಲ್ಲ' ಎಂದಾಗ ನಾನು ಈ ಹೊಲದ ಕಥೆ ಹೇಳುತ್ತೇನೆ. ವಿಷಯ ಮನೆಯಲ್ಲೇ ಇದೆ ಅಲ್ವಾ?

ಮೊದಲು ಪ್ರಶ್ನೆ ಹುಡುಕಿ. 'ಏಕರೂಪ ನಾಗರಿಕ ಸಂಹಿತೆ ಬೇಕೇ ಬೇಡವೇ' ಎಂಬ ಲೇಖನ ಸಂಪಾದಕರ ಮುಂದೆ ರಾಶಿ ಬಿದ್ದಿರುತ್ತದೆ. ಅದರ ಬದಲು ಜೋಸ್ ಪೌಲೊ ಕೊಟಿನ್ಹೊ ಪ್ರಕರಣದ 2019ರ ತೀರ್ಪು ಹಿಡಿಯಿರಿ. ಜಗಳ ಇದ್ದದ್ದು ಮುಂಬೈಯ ಆಸ್ತಿಗೆ. ಗೋವಾ ಡೊಮಿಸೈಲ್ (ಕಾನೂನಿನ ಕಣ್ಣಲ್ಲಿ ಕಾಯಂ ನೆಲೆ) ಇರುವವರ ಆಸ್ತಿ ಭಾರತದಲ್ಲಿ ಎಲ್ಲೇ ಇರಲಿ, ಅದರ ವಾರಸಿಗೆ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಅನ್ವಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಕೋಡ್ ಪ್ರಕಾರ ಮಕ್ಕಳಿಗೆ ಮೀಸಲಾದ ಅರ್ಧ ಆಸ್ತಿಯನ್ನು ವಿಲ್ ಬರೆದು ತಪ್ಪಿಸುವಂತಿಲ್ಲ. ಹಾಗಾದರೆ ಹೊರಗಿನಿಂದ ಬಂದು ನೆಲೆಸಿದವರಿಗೆ ಗೋವಾ ಡೊಮಿಸೈಲ್ ಬರುವುದು ಯಾವಾಗ? ಇದು ಪ್ರಶ್ನೆ. ಇಷ್ಟು ಚಿಕ್ಕದಾಗಿರಬೇಕು, ಇಷ್ಟು ಜನರನ್ನು ತಟ್ಟಬೇಕು.

ಆಮೇಲೆ ತೀರ್ಪನ್ನು ಪೂರ್ತಿ ಓದಿ. ಬೇರೆಯವರು ಬರೆದ ಸಾರಾಂಶ ಸಾಲದು. ಸುಪ್ರೀಂ ಕೋರ್ಟಿನ ತೀರ್ಪುಗಳು 2023ರಿಂದ ಕೋರ್ಟಿನದೇ ಆನ್‌ಲೈನ್ ತೀರ್ಪು ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ಉಚಿತವಾಗಿ ಸಿಗುತ್ತಿವೆ. ನಿಮ್ಮ ಪ್ರಶ್ನೆಯ ಮೇಲೆ ಯಾರಾದರೂ ಮೊದಲೇ ಬರೆದಿದ್ದರೆ ಹೆದರಬೇಡಿ. ಅವರು ಬಿಟ್ಟ ಕಡೆಯಿಂದ ಶುರು ಮಾಡಿ, ಅವರ ಹೆಸರು ಹೇಳಿಯೇ ಮಾಡಿ.

ಮೊದಲ ಸಲ ಉದ್ದ ಲೇಖನ ಬೇಡ. ಕೇಸ್ ಕಾಮೆಂಟ್ ಬರೆಯಿರಿ. ಒಂದು ತೀರ್ಪು, ಒಂದು ವಾದ. ಕೋರ್ಟು ಏನು ಹೇಳಿತು ಎಂಬುದು ಎರಡು ಪುಟದಲ್ಲಿ ಮುಗಿಯಲಿ. ಎಲ್ಲಿ ಎಡವಿತು, ಏನು ಹೇಳದೆ ಬಿಟ್ಟಿತು ಎಂಬುದಕ್ಕೆ ಉಳಿದ ಜಾಗ ಕೊಡಿ.

ಜರ್ನಲ್ ಆರಿಸುವ ಮುಂಚೆ ಅದರ ಹಳೆಯ ಒಂದೆರಡು ಸಂಚಿಕೆ ಓದಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನ ರಿವ್ಯೂ ಥರ ವಿದ್ಯಾರ್ಥಿಗಳೇ ನಡೆಸುವ ಜರ್ನಲ್‌ಗಳಿವೆ. ಪದಮಿತಿ ಮೀರಬೇಡಿ. ಫುಟ್‌ನೋಟ್‌ಗೆ ಒಬ್ಬರು ಆಸ್ಕೋಲಾ ಶೈಲಿ ಕೇಳುತ್ತಾರೆ, ಇನ್ನೊಬ್ಬರು ಬ್ಲೂಬುಕ್ ಶೈಲಿ; ಎರಡೂ ಆಕರ ನಮೂದಿಸುವ ಕ್ರಮಗಳು. ಬರೆಯುತ್ತಲೇ ಫುಟ್‌ನೋಟ್ ಹಾಕಿ, ಕೊನೆಯ ರಾತ್ರಿಗೆ ಬಿಟ್ಟರೆ ತಪ್ಪುವುದು ಖಂಡಿತ. ಬರೆದವರು ಯಾರೆಂದು ತಿಳಿಯದೆ ಓದುವ ಪದ್ಧತಿ ಇದ್ದರೆ ನಿಮ್ಮ ಹೆಸರು ಪುಟದಲ್ಲಷ್ಟೇ ಅಲ್ಲ, ಫೈಲ್ ಪ್ರಾಪರ್ಟೀಸ್‌ನಿಂದಲೂ ಅಳಿಸಿ. ಜರ್ನಲ್‌ನ ನಿಯಮ ಒಪ್ಪದಿದ್ದರೆ ಒಂದೇ ಲೇಖನವನ್ನು ಎರಡು ಜರ್ನಲ್‌ಗೆ ಒಟ್ಟಿಗೆ ಕಳಿಸಬೇಡಿ.

ದುಡ್ಡಿನ ಮಾತು ಒತ್ತಿ ಹೇಳುತ್ತೇನೆ. ಎರಡೇ ದಿನದಲ್ಲಿ ಒಪ್ಪಿಗೆ, ಜೊತೆಗೆ ಸರ್ಟಿಫಿಕೇಟ್, ಅದಕ್ಕೊಂದು ಶುಲ್ಕ ಎಂದರೆ ಆ ಕಡೆ ಹೋಗಲೇಬೇಡಿ. ಐಎಸ್‌ಎಸ್‌ಎನ್ ಎನ್ನುವುದು ಸುಮ್ನೆ ಒಂದು ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆ ಅಲ್ಲ. ಯುಜಿಸಿ ಒಪ್ಪಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ 2025ರಲ್ಲೇ ನಿಂತಿದೆ, ಅದರ ಹೆಸರು ಹೇಳಿ ಯಾರಾದರೂ ಕರೆದರೆ ನಂಬಬೇಡಿ. ಮನೆಯವರು ಫೀಸಿಗೆಂದು ಕಷ್ಟಪಟ್ಟು ಕಳಿಸಿದ ದುಡ್ಡು ಅದು.

ಉತ್ತರಕ್ಕೆ ತಿಂಗಳುಗಳೇ ಬೇಕಾಗಬಹುದು. 'ತಿದ್ದಿ ಕಳಿಸಿ' ಎಂದು ಬಂದರೆ ಒಳ್ಳೆಯ ಸುದ್ದಿ. ಅವರ ಒಂದೊಂದು ಆಕ್ಷೇಪಕ್ಕೂ ಏನು ಬದಲಿಸಿದಿರಿ, ಯಾವುದನ್ನು ಯಾಕೆ ಬದಲಿಸಲಿಲ್ಲ ಎಂದು ಬರೆದು ಜೊತೆಗಿಡಿ. 'ಬೇಡ' ಎಂದು ಬಂದರೆ ಜೊತೆಯಲ್ಲಿರುವ ಟಿಪ್ಪಣಿ ಓದಿ, ತಿದ್ದಿ, ಮುಂದಿನ ಜರ್ನಲ್‌ನ ಫುಟ್‌ನೋಟ್ ಶೈಲಿಗೆ ಬದಲಿಸಿ ಅದೇ ವಾರ ಕಳಿಸಿ.