ಅರವತ್ತೈದು ದಾಟಿದವರ ಊಟದಲ್ಲಿ ಪ್ರೋಟೀನಿನ ಲೆಕ್ಕ

ವಯಸ್ಸಾಯಿತೆಂದು ಹಿರಿಯರಿಗೆ ಬೆಳಿಗ್ಗೆ ಕಾಫಿ-ಬ್ರೆಡ್ಡು, ರಾತ್ರಿ ಗಂಜಿ ಕೊಟ್ಟು ಸುಮ್ಮನಾಗುವುದು ಅನೇಕ ಮನೆಗಳ ರೂಢಿ. ಆದರೆ ವಯಸ್ಸಾದ ಸ್ನಾಯುಗಳು ಪ್ರೋಟೀನಿಗೆ ಮೊದಲಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲವಾದ್ದರಿಂದ ಅವರಿಗೆ ಅದು ಹೆಚ್ಚೇ ಬೇಕು. ಅಮೆರಿಕದ ದತ್ತಾಂಶವನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 50ರಿಂದ 65ರ ವಯಸ್ಸಿನವರಲ್ಲಿ ಅಧಿಕ ಪ್ರೋಟೀನ್ ಸೇವನೆಯೊಂದಿಗೆ ಸಾವಿನ ಪ್ರಮಾಣ ಹೆಚ್ಚಿದ್ದರೆ, 65 ದಾಟಿದವರಲ್ಲಿ ಈ ಸಂಬಂಧ ತಿರುಗುಮುರುಗಾಗಿತ್ತು. ಇದು ಸಂಬಂಧವಷ್ಟೆ, ಕಾರಣದ ಪುರಾವೆಯಲ್ಲ.

ಮೊದಲು ತೂಕ ನೋಡಿಕೊಳ್ಳಿ. ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದ್ದು ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ, 65 ದಾಟಿದವರಿಗೆ ಪ್ರಾಟ್-ಏಜ್ ತಜ್ಞರ ಗುಂಪು 2013ರಲ್ಲಿ ಹೇಳಿದ್ದು 1ರಿಂದ 1.2 ಗ್ರಾಂ. ಅಂದರೆ 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ.

ಇದನ್ನು ಮೂರು ಹೊತ್ತಿಗೂ ಹಂಚಿ, ಹೊತ್ತಿಗೆ 20 ಗ್ರಾಮಿಗೆ ಕಡಿಮೆಯಾಗದಂತೆ ನೋಡಿಕೊಳ್ಳಿ. ನಮ್ಮ ಊಟ ಎಡವುವುದು ಬೆಳಗಿನ ತಿಂಡಿಯಲ್ಲೇ: ಉಪ್ಪಿಟ್ಟು, ಅವಲಕ್ಕಿಯಿಂದ ಸಿಗುವುದು ಅಲ್ಪ. ಜೊತೆಗೆ ಎರಡು ಮೊಟ್ಟೆ (ಸುಮಾರು 12 ಗ್ರಾಂ) ಮತ್ತು ಒಂದು ಲೋಟ ಹಾಲು (6 ಗ್ರಾಂ) ಸೇರಿದರೆ ಲೆಕ್ಕ ಕೂಡುತ್ತದೆ. ಮೊಟ್ಟೆ ತಿನ್ನದವರಿಗೆ ಹೆಸರುಬೇಳೆಯ ದೋಸೆ, ಮೇಲೊಂದಿಷ್ಟು ಪನೀರ್ ಆಗಬಹುದು.

ಮಧ್ಯಾಹ್ನದ ಸಾರಿನ ಬಗ್ಗೆ ಒಂದು ಮಾತು. ಹುರುಳಿ ಬಸ್ಸಾರಿನಲ್ಲಿ ಕಟ್ಟಷ್ಟೇ ಅಜ್ಜಿಯ ಮುದ್ದೆಗೆ ಬಂದು, ಕಾಳಿನ ಪಲ್ಯ ಹುಡುಗರ ತಟ್ಟೆಗೆ ಹೋದರೆ, ಪ್ರೋಟೀನಿನ ಬಹುಪಾಲು ಹುಡುಗರದ್ದಾಯಿತು. ಒಣಗಿದ 30 ಗ್ರಾಂ ಹುರುಳಿ ಅಥವಾ ತೊಗರಿಬೇಳೆಯಲ್ಲಿ ಇರುವುದೇ ಆರೇಳು ಗ್ರಾಂ. ತಿಳಿಸಾರಿನಲ್ಲಿ ಅದರ ಒಂದಂಶ ಮಾತ್ರ. ಆದ್ದರಿಂದ ಕಾಳನ್ನೂ ಬಡಿಸಿ, ಮೇಲೆ ಒಂದು ಬಟ್ಟಲು ಮೊಸರಿರಲಿ. ಅನ್ನ, ರಾಗಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಅದು ಸಾಕಷ್ಟಿರುವುದರಿಂದ ಇವುಗಳ ಜೋಡಿ ಸರಿಯಾದದ್ದೇ. ಹಲ್ಲಿಲ್ಲದವರಿಗೆ ಕಾಳನ್ನು ಮೆತ್ತಗೆ ಬೇಯಿಸಿ ಮಸೆದು ಕೊಡಿ. ರಾತ್ರಿಯ ಗಂಜಿಗೂ ಹೆಸರುಬೇಳೆ ಧಾರಾಳವಾಗಿ ಬೀಳಲಿ, ಮೀನು ತಿನ್ನುವವರಿಗೆ ಒಂದು ತುಂಡು ಮೀನು ಇರಲಿ.

ತಿಂದದ್ದು ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಬೇಕು: ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು ಒಳ್ಳೆಯ ಆರಂಭ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಮೇಲಿನ ಲೆಕ್ಕವನ್ನು ತಾವಾಗಿ ಅನುಸರಿಸದೆ, ಮೂತ್ರಪಿಂಡದ ಕೆಲಸವನ್ನು ಅಳೆಯುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟನ್ನೇ ತೆಗೆದುಕೊಳ್ಳಬೇಕು.