ಹಳೆಯ ಕ್ಯಾಂಪರ್ ವ್ಯಾನಿನಲ್ಲಿ ಪೆಟ್ರೋಲ್ ವಾಸನೆ ಬಂದರೆ

ನಮ್ಮದು 1974ರ ಫೋಕ್ಸ್‌ವ್ಯಾಗನ್ ಟೈಪ್ 2 ಕ್ಯಾಂಪರ್, ಅಂದರೆ ಒಳಗೇ ಅಡುಗೆ ಮಾಡಿಕೊಂಡು ಮಲಗುವ ವ್ಯಾನು, 1600 ಸಿಸಿ ಎಂಜಿನ್. ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಡೆವನ್ ಕರಾವಳಿಗೆ ಹೊರಟ ದಿನ ದಾರಿಯಲ್ಲಿ ಟ್ಯಾಂಕ್ ಭರ್ತಿ ಮಾಡಿಸಿದ್ದೆ. ರಾತ್ರಿ ಮಕ್ಕಳು ಮೇಲಿನ ಹಾಸಿಗೆಗೆ ಹತ್ತಿದ ಮೇಲೆ ಹಿಂದಿನ ಸೀಟಿನ ಬಳಿ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆರೆದಿಟ್ಟು, ಎಲ್ಲರೂ ಹೊರಗೆ ಡೇರೆಯಲ್ಲಿ ಮಲಗಿದೆವು.

ಹಳೆಯ ಗಾಡಿ ಎಂದರೆ ವಾಸನೆ ಇದ್ದದ್ದೇ ಎನ್ನುವವರು ಬಹಳ ಜನ. ಆ ಮಾತನ್ನು ನಾನು ಒಪ್ಪುವುದಿಲ್ಲ. ಸುಸ್ಥಿತಿಯಲ್ಲಿರುವ ಗಾಡಿ ಐವತ್ತು ವರ್ಷದ್ದಾದರೂ ವಾಸನೆ ಬೀರುವುದಿಲ್ಲ. ಈ ವ್ಯಾನಿನಲ್ಲಿ ಎಂಜಿನ್ ಹಿಂಬದಿಗಿದೆ, ಟ್ಯಾಂಕ್ ಇರುವುದು ಗೇರ್‌ಬಾಕ್ಸ್‌ನ ಮೇಲೆ. ಅದಕ್ಕೂ ಎಂಜಿನ್‌ಗೂ ನಡುವೆ ಒಂದು ತಗಡಿನ ಗೋಡೆ ಮಾತ್ರ. ಎಂಜಿನ್‌ನ ಕ್ರ್ಯಾಂಕ್‌ಕೇಸ್ (ಹೊರಕವಚ) ಮೆಗ್ನೀಸಿಯಮ್ ಮಿಶ್ರಲೋಹದ್ದು, ಹೊತ್ತಿಕೊಂಡರೆ ಆರಿಸುವುದು ಬಹಳ ಕಷ್ಟ. ಕ್ಯಾಂಪರ್‌ನಲ್ಲಿ ಒಲೆಯೂ ಉಂಟು, ಕೆಲವದರಲ್ಲಿ ಸದಾ ಉರಿಯುವ ಕಿರುಜ್ವಾಲೆಯ ಫ್ರಿಜ್ ಕೂಡ ಉಂಟು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲಮಟ್ಟದಲ್ಲಿ ಹರಡಿ ಕಿಡಿಗಾಗಿ ಕಾಯುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ವಾಸನೆ ಯಾವಾಗ ಬರುತ್ತದೆ ಎಂದು ಎರಡು ದಿನ ಗಮನಿಸಿ, ಗಾಡಿಯನ್ನು ಓಡಿಸದೆ ಬಯಲಿನಲ್ಲಿ ನಿಲ್ಲಿಸಿಕೊಂಡೇ. ಟ್ಯಾಂಕ್ ತುಂಬಿದಾಗ ಮಾತ್ರ ಬರುತ್ತಿದ್ದರೆ ಅನುಮಾನ ಟ್ಯಾಂಕಿನ ಮೇಲ್ಭಾಗದ ಮೇಲೆ: ಪೆಟ್ರೋಲ್ ಸುರಿಯುವ ಕತ್ತಿನ ರಬ್ಬರ್, ಆವಿ ಹೋಗುವ ಬ್ರೀದರ್ ಕೊಳವೆಗಳು, ಇಂಧನ ಮಟ್ಟ ತೋರಿಸುವ ಸೆಂಡರ್‌ನ ಗ್ಯಾಸ್ಕೆಟ್ (ಸೋರದಂತೆ ಕೂರಿಸುವ ಪದರ). ಟ್ಯಾಂಕಿನಲ್ಲಿ ಸ್ವಲ್ಪವೇ ಇದ್ದಾಗಲೂ ಎಂಜಿನ್ ಕೋಣೆಯಲ್ಲಿ ಬರುತ್ತಿದ್ದರೆ ಕೆಳಗಿನ ಕೊಳವೆ, ಪಂಪ್, ಕಾರ್ಬ್ಯುರೇಟರ್ ನೋಡಬೇಕು. ಎಂಜಿನ್ ಆಯಿಲ್‌ನ ಕಡ್ಡಿಯನ್ನೂ ಎಳೆದು ಮೂಸಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಪಂಪಿನ ಒಳಗಿನ ರಬ್ಬರ್ ಪರದೆ (ಡಯಾಫ್ರಾಮ್) ಹರಿದಿರಬಹುದು. ಅದನ್ನು ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಎಂಜಿನ್ ಚಾಲೂ ಮಾಡಬೇಡಿ.

ಕೆಲಸವನ್ನು ಬಯಲಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾಡಿ. ಬ್ಯಾಟರಿಯ ಅರ್ಥ್ ತಂತಿ ಕಳಚಿರಲಿ, ಅಗ್ನಿಶಾಮಕ ಕೈಗೆಟುಕುವಂತಿರಲಿ. ಗಾಜಿನ ಬಲ್ಬಿನ ದೀಪವನ್ನು ಹತ್ತಿರ ತರಲೇಬೇಡಿ.

ನಮ್ಮ ವ್ಯಾನಿನ ಕೊಳವೆಗಳ ಮೇಲೆ ಹತ್ತಿಯ ಹೆಣಿಗೆ ಇತ್ತು, ಕಪ್ಪಗೆ, ನೋಡಲು ಅಚ್ಚುಕಟ್ಟಾಗಿ. ಆ ಹೆಣಿಗೆಯೇ ಮೋಸ ಮಾಡುವುದು. ಪಂಪಿನ ಬಳಿಯ ಗೇಣುದ್ದದ ತುಂಡನ್ನು ಬಿಚ್ಚಿ ಹೆಬ್ಬೆರಳಿನಿಂದ ಬಗ್ಗಿಸಿದೆ. ಒಣಗಿದ ಅಡಿಕೆ ಹಾಳೆಯನ್ನು ನೆನೆಸದೆ ಮಡಚಿದಾಗ ಬರುವಂಥ ಚಟಚಟ ಸದ್ದು. ಹೆಣಿಗೆಯನ್ನು ಬ್ಲೇಡಿನಿಂದ ಸೀಳಿ ನೋಡಿದರೆ ರಬ್ಬರಿನ ಸುತ್ತ ಉಗುರು ಹೊಗುವಷ್ಟು ಬಿರುಕು, ಕೊಳವೆಯನ್ನು ಬಿಗಿಯುವ ಕ್ಲಾಂಪ್ ಕೂತಿದ್ದಲ್ಲಿ ಆಳವಾದ ಗಾಯ. ಹಿಂದೆ ಯಾರೋ ತೂತುಪಟ್ಟಿಯ ಸ್ಕ್ರೂ ಕ್ಲಾಂಪ್ ಹಾಕಿದ್ದರು. ಬಿಗಿಮಾಡಿದಷ್ಟೂ ಅದರ ಅಂಚು ರಬ್ಬರನ್ನು ಕೊರೆಯುತ್ತದೆ. ಅಂಚು ಮಡಿಸಿದ, ಒಳಭಾಗ ನುಣುಪಾಗಿರುವ ಇಂಧನ ಕ್ಲಾಂಪನ್ನೇ ಕೊಳ್ಳಿ.

ಹೊಸ ಕೊಳವೆಯ ವಿಷಯದಲ್ಲಿ ಜಿಪುಣತನ ಬೇಡ. 2021ರ ಸೆಪ್ಟೆಂಬರ್‌ನಿಂದ ಬ್ರಿಟನ್ನಿನಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಇ10, ಅಂದರೆ ಶೇ. 10ರವರೆಗೆ ಎಥನಾಲ್. ಹಳೆಯ ಬಗೆಯ ರಬ್ಬರ್ ಅದಕ್ಕೆ ತಾಳುವುದಿಲ್ಲ. ನಾನು ಈಗ ಇ5 ಇರುವ ಸೂಪರ್ ಪೆಟ್ರೋಲನ್ನೇ ಹಾಕಿಸುತ್ತೇನೆ, ಆದರೆ ಕೊಳವೆಯನ್ನು ಇ10ಗೆ ತಾಳುವಂಥದ್ದೇ ತಂದೆ. ಮೈಮೇಲೆ ಇಂಧನ ಕೊಳವೆಯ ಗುಣಮಟ್ಟ ಸೂಚಿಸುವ ಎಸ್‌ಎಇ ಜೆ30 ಆರ್9 ಎಂಬ ಮುದ್ರೆ ಇರಬೇಕು. ಅದರ ಒಳಪದರ ಫ್ಲೋರೋ ರಬ್ಬರಿನದು. ನಕಲಿ ಮುದ್ರೆಯ ಮಾಲೂ ಮಾರುಕಟ್ಟೆಯಲ್ಲಿದೆ, ಆದ್ದರಿಂದ ತಯಾರಕರ ಹೆಸರಿಲ್ಲದ ಅಗ್ಗದ ಸುರುಳಿಯನ್ನು ಮುಟ್ಟಬೇಡಿ. ಊರಿನಲ್ಲಿ ಹಳೆಯ ಕಾರು, ಮೆಟಡಾರ್ ಇಟ್ಟುಕೊಂಡವರಿಗೂ ಇದು ಬೇಕಾದ ಮಾತೇ. ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ.

ಅಳತೆಗೆ ಹಳೆಯ ಕೊಳವೆಯನ್ನು ನಂಬದೆ ಲೋಹದ ನಳಿಕೆಯನ್ನು ಅಳೆಯಿರಿ. ತುಂಡನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಬಾಗುವಲ್ಲಿ ಸುಕ್ಕು ಬೀಳದಷ್ಟು ಉದ್ದ ಬಿಡಿ. ತಗಡಿನ ಗೋಡೆಯನ್ನು ದಾಟುವಲ್ಲಿ ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ (ಗ್ರೊಮೆಟ್) ಇಲ್ಲದಿದ್ದರೆ ತಗಡೇ ಕೊಳವೆಯನ್ನು ಕುಯ್ಯುತ್ತದೆ. ಫಿಲ್ಟರ್ ಬಿಸಿ ಎಂಜಿನ್ನಿನ ಮೇಲೆ ತೂಗಾಡಬಾರದು. ನಾನು ಅದನ್ನು ಟ್ಯಾಂಕಿನ ಕೆಳಗೆ, ಗೇರ್‌ಬಾಕ್ಸ್ ಬದಿಗೆ ಸಾಗಿಸಿದೆ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಹೋಗುವ ಹಿತ್ತಾಳೆ ನಳಿಕೆಯನ್ನೂ ಬೆರಳಿನಿಂದ ತಿರುಗಿಸಿ ನೋಡಿ. ಅದನ್ನು ಬರೀ ಒತ್ತಿ ಕೂರಿಸಿರುತ್ತಾರೆ. ಅಲುಗಾಡಿದರೆ ಓಡುವಾಗ ಕಿತ್ತು ಬಂದು ಪೆಟ್ರೋಲ್ ನೇರ ಎಂಜಿನ್ ಮೇಲೆ ಚಿಮ್ಮುತ್ತದೆ. ಈ ವ್ಯಾನುಗಳು ಸುಟ್ಟುಹೋಗಲು ಇದೂ ಒಂದು ಕಾರಣ. ಅನುಭವಿ ಮೆಕ್ಯಾನಿಕ್ ಕೈಯಲ್ಲಿ ಅದನ್ನು ಭದ್ರ ಮಾಡಿಸಿ.

ಇಷ್ಟಾದರೂ ನಮ್ಮ ವಾಸನೆ ಹೋಗಲಿಲ್ಲ, ಏಕೆಂದರೆ ಅದು ತುಂಬಿದ ಟ್ಯಾಂಕಿನ ವಾಸನೆ. ಟ್ಯಾಂಕಿನ ನೆತ್ತಿಯ ಬ್ರೀದರ್ ಕೊಳವೆಗಳಿಗೆ ಕೈ ಹೋಗುವುದಿಲ್ಲ. ಪೆಟ್ರೋಲ್ ಬರಿದು ಮಾಡಿ, ಎಂಜಿನ್ ಇಳಿಸಿ, ತಗಡಿನ ಗೋಡೆಯ ಸ್ಕ್ರೂ ಬಿಚ್ಚಿ, ಟ್ಯಾಂಕನ್ನು ಹೊರಗೆಳೆಯಬೇಕು. 1972ಕ್ಕಿಂತ ಹಿಂದಿನ ವ್ಯಾನುಗಳಲ್ಲಿ ಆ ಗೋಡೆ ಬೆಸುಗೆ ಹಾಕಿದ್ದು, ಅಲ್ಲಿ ಕಷ್ಟ ಹೆಚ್ಚು. ಗೆಳೆಯನೊಬ್ಬನನ್ನು ಕರೆದುಕೊಂಡು ಎರಡು ದಿನ ಹಿಡಿಯಿತು. ಬ್ರೀದರ್ ಕೊಳವೆಯೊಂದು ನನ್ನ ಕೈಯಲ್ಲೇ ಪುಡಿಯಾಯಿತು. ಟ್ಯಾಂಕ್ ಹೊರಗಿರುವಾಗಲೇ ಕತ್ತಿನ ರಬ್ಬರ್, ಸೆಂಡರ್ ಗ್ಯಾಸ್ಕೆಟ್ ಎಲ್ಲವನ್ನೂ ಹೊಸದಾಗಿ ಹಾಕಿ. ಒಂದನ್ನು ಉಳಿಸಿದರೆ ಮತ್ತೆ ಎಂಜಿನ್ ಇಳಿಸಬೇಕಾಗುತ್ತದೆ.

ಜೋಡಿಸಿದ ಮೇಲೆ ಮೊದಲು ಐದು ಲೀಟರ್ ಹಾಕಿ, ಪ್ರತಿ ಕ್ಲಾಂಪಿನ ಕೆಳಗೆ ಬಿಳಿ ಕಾಗದ ಒತ್ತಿ ಒದ್ದೆಯಾಗುತ್ತದೆಯೇ ನೋಡಿ. ಎಂಜಿನ್ ಚಾಲೂ ಮಾಡಿ ಮತ್ತೊಮ್ಮೆ ನೋಡಿ, ಆದರೆ ಆಗ ಕಾಗದ, ಕೈ, ಮುಖ ದೂರವಿರಲಿ, ಟಾರ್ಚ್ ಸಾಕು. ಆಮೇಲೆ ಟ್ಯಾಂಕ್ ಭರ್ತಿ ಮಾಡಿಸಿ, ವ್ಯಾನನ್ನು ಬಯಲಿನಲ್ಲೇ ನಿಲ್ಲಿಸಿ, ಕಿಟಕಿ ಬಾಗಿಲು ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹಿಂದಿನ ಸೀಟಿನ ಬಳಿ ಬಗ್ಗಿ ಮೂಸಿ ನೋಡಿ. ನಮ್ಮದರಲ್ಲಿ ಆ ಬೆಳಗ್ಗೆ ಇದ್ದದ್ದು ಹಳೆಯ ಪರದೆ ಬಟ್ಟೆಯ ವಾಸನೆ ಮಾತ್ರ. ಅಂದು ಸಂಜೆಯೇ ಮಕ್ಕಳ ಹಾಸಿಗೆಯನ್ನು ಮೇಲೆ ಹಾಸಿದೆ.